ತಿಕೋಟಾ-ಬಬಲೇಶ್ವರ ನಾಡು ಮತ್ತು ಒಂದು ರಾಜಕೀಯ ಜೀವನ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ. ಇವೆರಡನ್ನೂ ಒಳಗೊಂಡ ಸೀಮೆಯು ಶ್ರಾವಕ ಬಂಧುಗಳಿಗೆ ಅಪರಿಚಿತವಾದುದಲ್ಲ. ಭಗವಾನ್ ಪಾರ್ಶ್ವನಾಥನ ದರ್ಶನಕ್ಕೆಂದು ಬಾಬಾನಗರಕ್ಕೆ ಹೋಗಿ ಬಂದವರು ಈ ದಾರಿಯ ಕರಿಮಣ್ಣನ್ನೂ ಮಡ್ಡಿಯನ್ನೂ ದ್ರಾಕ್ಷಿಯ ಪಡಗಳನ್ನೂ ಕಂಡೇ ಇರುತ್ತಾರೆ. ಇದೇ ತಿಕೋಟಾ ಭಾಗದಲ್ಲಿ ಹೊನವಾಡವೆಂಬ ಗ್ರಾಮವಿದೆ. ಅದರ ಹಳೆಯ ಹೆಸರು ಪೊನ್ನವಾಡ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಶಕವರ್ಷ ೯೭೬ರಲ್ಲಿ, ಅಂದರೆ ಕ್ರಿ. ಶ. ೧೦೫೪ರಲ್ಲಿ, ಅಲ್ಲಿ ಒಂದು ಶಾಸನ ಹುಟ್ಟಿತು. ಚಕ್ರವರ್ತಿಯ ಅರಸಿ ಕೇತಲದೇವಿಯು ಆಗ ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದಳು. ಆಕೆಯ ಅಧಿಕಾರಿಯೂ ವಾನಸ ಕುಲದವನೂ ಆದ ಚಾಂಕಿರಾಜನು ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿ, ಶಾಂತಿನಾಥ, ಪಾರ್ಶ್ವನಾಥ, ಸುಪಾರ್ಶ್ವನಾಥರ ಬಿಂಬಗಳನ್ನು ಪ್ರತಿಷ್ಠಾಪಿಸಿದನು. ಅವನ ಗುರುಗಳು ಮೂಲಸಂಘ, ಸೇನಗಣ, ಪೊಗರಿಗಚ್ಛದ ಮಹಾಸೇನ ಮುನಿಗಳು.

ಪ್ರತಿಷ್ಠಾ ಮಹೋತ್ಸವದ ಸಂಚಿಕೆಯೊಂದರಲ್ಲಿ ರಾಜಕಾರಣಿಯೊಬ್ಬರ ಜೀವನವನ್ನು ಕುರಿತು ಬರೆಯುವುದು ಉಚಿತವೇ ಎಂದು ಕೆಲವರು ಕೇಳಬಹುದು. ಚಾಂಕಿರಾಜನೂ ಒಬ್ಬ ಅಧಿಕಾರಿಯೇ ಆಗಿದ್ದನು. ಅರಸಿಯ ಸೇವೆಯಲ್ಲಿದ್ದವನು ತನಗೆ ದೊರೆತ ಅಧಿಕಾರದಿಂದ ಈ ನೆಲಕ್ಕೆ ಏನನ್ನು ಮಾಡಿದನೆಂಬುದು ಕಲ್ಲಿನಲ್ಲಿ ಉಳಿದಿದೆ. ಅದೇ ನೆಲದಿಂದ ನಮ್ಮ ಕಾಲದಲ್ಲಿ ಅಧಿಕಾರಕ್ಕೇರಿದ ಶ್ರೀ ಎಂ. ಬಿ. ಪಾಟೀಲರು, ಅಂದರೆ ಮಲ್ಲನಗೌಡ ಬಸನಗೌಡ ಪಾಟೀಲರು, ಏನನ್ನು ಮಾಡಿದರು, ಏನನ್ನು ಮಾಡಹೋಗಿ ಎಡವಿದರು ಎಂದು ವಿಚಾರಿಸುವುದು ಇತಿಹಾಸದ ಕೆಲಸವೇ ಆಗುತ್ತದೆ. ಅವರು ಜೈನರಲ್ಲ, ಲಿಂಗಾಯತ ಸಮಾಜದವರು. ಆದರೆ ಅವರ ಕಾರ್ಯದ ಎರಡು ಮುಖ್ಯ ಅಧ್ಯಾಯಗಳು, ನೀರಿನದೂ ಧರ್ಮದ ಮಾನ್ಯತೆಯದೂ, ನಮ್ಮ ಸಮಾಜವನ್ನು ನೇರವಾಗಿ ಮುಟ್ಟುವಂಥವು.

ಮೊದಲು ನೆಲದ ಮಾತು. ಈ ಸೀಮೆ ಹಿಂಗಾರಿಯ ಸೀಮೆ. ಯರಿಭೂಮಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಮಡ್ಡಿಯಲ್ಲಿ ಸಜ್ಜೆ ಮತ್ತು ದೇವರು ಕೊಟ್ಟಷ್ಟು. ಡೋಣಿ ನದಿಯ ಬಯಲಿನಲ್ಲಿ ಒಂದು ಒಳ್ಳೆಯ ಮಳೆ ಹಿಡಿದರೆ ಹಗೇವು ತುಂಬಿ ಕಾಳು ಓಣಿಗೆ ಹರಿಯುವುದೆಂದು ಜನ ಹೇಳುತ್ತಾರೆ. ಆ ಒಂದು ಮಳೆ ತಪ್ಪಿದರೆ ಏನಾಗುವುದೆಂಬುದಕ್ಕೆ ೧೮೭೬-೭೮ರ ಬರವೇ ಸಾಕ್ಷಿ. ಆಗಿನ್ನೂ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶದಲ್ಲಿ ೧೮೭೨ರ ಗಣತಿಯಂತೆ ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದರು. ೧೮೮೧ರ ಗಣತಿಗೆ ಆರು ಲಕ್ಷ ನಲವತ್ತು ಸಾವಿರದಷ್ಟೂ ಉಳಿದಿರಲಿಲ್ಲ. ಸತ್ತವರೆಷ್ಟು, ಊರು ಬಿಟ್ಟು ಹೋದವರೆಷ್ಟು ಎಂದು ವಿಂಗಡಿಸುವುದು ಕಷ್ಟ. ಅದಕ್ಕೂ ಹಿಂದಿನ ಒಂದು ಬರವನ್ನು ಜನ ಡೋಗಿಬರವೆಂದು ಕರೆದರು, ತಲೆಬುರುಡೆಗಳ ಬರವೆಂದು. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿಯೇ ಕೃಷ್ಣೆ ತುಂಬಿ ಹರಿಯುತ್ತಿದ್ದಾಳೆ. ಆದರೆ ನದಿ ತಗ್ಗಿನಲ್ಲಿ, ಊರುಗಳು ಎತ್ತರದಲ್ಲಿ. ಈ ನಾಡಿನ ದುಃಖವೆಲ್ಲ ಈ ಒಂದು ಮಾತಿನಲ್ಲಿದೆ. ಅದರ ರಾಜಕಾರಣವೂ ಹೆಚ್ಚು ಕಡಿಮೆ ಇದರಲ್ಲಿಯೇ ಇದೆ.

ಹಿಂದಿನವರು ಕೈಕಟ್ಟಿ ಕುಳಿತವರಲ್ಲ. ಆದಿಲಶಾಹಿ ಸುಲ್ತಾನರು ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ ರಾಜಧಾನಿಗೆ ನೀರು ತಂದರು. ೧೬೨೦ರ ತಾಜಬಾವಡಿ, ೧೬೫೧ರ ಬೇಗಂ ತಲಾಬ ಇಂದಿಗೂ ಇವೆ. ಬಬಲೇಶ್ವರದ ಕಡೆಗೆ ಮಮದಾಪುರದಲ್ಲಿ ಮಹಮ್ಮದ್ ಆದಿಲಶಾಹನ ಕಾಲದ ಎರಡು ದೊಡ್ಡ ಕೆರೆಗಳಿವೆ. ಅವು ಮಳೆಯನ್ನು ಹಿಡಿದಿಡುವ ಕೆಲಸಗಳು. ನದಿಯನ್ನೇ ಮೇಲಕ್ಕೆತ್ತುವ ಶಕ್ತಿ ಆ ಕಾಲಕ್ಕೆ ಇರಲಿಲ್ಲ.

ಇನ್ನು ವಿದ್ಯೆಯ ಮಾತು. ಪಾಟೀಲರ ರಾಜಕೀಯವನ್ನು ಅರಿಯಬೇಕಾದರೆ ಬಿ.ಎಲ್.ಡಿ.ಇ. ಎಂಬ ನಾಲ್ಕು ಅಕ್ಷರಗಳನ್ನು ಬಿಡಿಸಿಕೊಳ್ಳಬೇಕು. ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ ೧೯೧೦ರಲ್ಲಿ ಹುಟ್ಟಿತು. ಅದರ ಹಿಂದೆ ಇದ್ದವರು ಧಾರವಾಡದಲ್ಲಿ ೧೮೮೦ರಲ್ಲಿ ಜನಿಸಿ, ಬಿಜಾಪುರಕ್ಕೆ ಬಂದು ವಕೀಲಿ ವೃತ್ತಿ ಹಿಡಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಶಾಲೆಯ ಬೆನ್ನಿಗೆ ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕು, ೧೯೨೦ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷವೇ 'ನವಕರ್ನಾಟಕ' ವಾರಪತ್ರಿಕೆ. ಮನೆ ಮನೆಗೆ ಅಲೆದು ತಾಳೆಗರಿಗಳನ್ನು ಕೂಡಿಸಿ ವಚನಗಳನ್ನು ಬೆಳಕಿಗೆ ತಂದ ಈ ಮನುಷ್ಯ, ಸ್ವಂತಕ್ಕೆ ಏನನ್ನೂ ಉಳಿಸಿಕೊಳ್ಳಲಿಲ್ಲ. ಅವರ ನಂತರ ಬಂಥನಾಳದ ಶ್ರೀ ಸಂಗನಬಸವ ಸ್ವಾಮಿಗಳಂಥವರು ಸಂಸ್ಥೆಗೆ ಬಲವಾದರು.

ಇದು ಒಂದು ಜಾತಿಯ ಏಕಾಂಗಿ ಪ್ರಯತ್ನವಾಗಿರಲಿಲ್ಲ ಎಂಬುದನ್ನು ನಮ್ಮವರು ನೆನೆಯಬೇಕು. ಮುಂಬಯಿ ಪ್ರಾಂತದ ದಕ್ಷಿಣದ ಜಿಲ್ಲೆಗಳಲ್ಲಿ ಆ ಮೂವತ್ತು ವರ್ಷ ಪ್ರತಿಯೊಂದು ಸಮಾಜವೂ ತನ್ನ ಮಕ್ಕಳನ್ನು ಓದಿಸಲು ಹೊರಟಿತ್ತು. ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ ೧೮೯೯ರಲ್ಲಿಯೇ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಗಿತ್ತು. ಅದರ ಆರಂಭದ ಮುಂದಾಳುಗಳಲ್ಲಿ ಒಬ್ಬರಾದ ಅಣ್ಣಾಸಾಹೇಬ ಲಠ್ಠೆಯವರು ಬೆಳಗಾವಿಯಲ್ಲಿ ವಕೀಲರಾಗಿ, ಕೊಲ್ಲಾಪುರದ ದಿವಾನರಾಗಿ, ೧೯೩೭ರಲ್ಲಿ ಮುಂಬಯಿ ಪ್ರಾಂತದ ಅರ್ಥಸಚಿವರಾದರು. ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ತೆರೆದರು. ಬೆಳಗಾವಿಯ ಕೆ.ಎಲ್.ಇ. ೧೯೧೬ರದು. ಪ್ರಾಂತೀಯ ರಾಜಕಾರಣವೆಂಬುದು ಈ ಭಾಗದಲ್ಲಿ ಶಾಲೆ ಮತ್ತು ವಸತಿಗೃಹಗಳ ಗರ್ಭದಿಂದ ಬಂದುದು. ಲಠ್ಠೆಯವರಲ್ಲಿ ಕಂಡ ಈ ಕ್ರಮವೇ, ಸಂಸ್ಥೆಯಿಂದ ಶಾಸನಸಭೆಗೆ ಹೋಗುವ ಕ್ರಮವೇ, ಎರಡು ತಲೆಮಾರಿನ ಅನಂತರ ಬಿಜಾಪುರದ ಪಾಟೀಲ ಮನೆತನದಲ್ಲಿಯೂ ಕಾಣುತ್ತದೆ.

ಎಂ. ಬಿ. ಪಾಟೀಲರ ತಂದೆ ಬಿ. ಎಂ. ಪಾಟೀಲರು ತಿಕೋಟಾ ಕ್ಷೇತ್ರದ ಕಾಂಗ್ರೆಸ್ ಶಾಸಕರು, ಬಿ.ಎಲ್.ಡಿ.ಇ. ಸಂಸ್ಥೆಯ ಮುಖಂಡರು. ೧೯೮೦ರಲ್ಲಿ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು, ೧೯೮೬ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ಮೊದಲನೆಯದು ಇಂದು ಹಳಕಟ್ಟಿಯವರ ಹೆಸರಿನಲ್ಲಿಯೂ ಎರಡನೆಯದು ಬಿ. ಎಂ. ಪಾಟೀಲರ ಹೆಸರಿನಲ್ಲಿಯೂ ಇವೆ. ಬರದ ಜಿಲ್ಲೆಯೊಂದರಲ್ಲಿ ವೈದ್ಯಕೀಯ ಕಾಲೇಜು ತೆರೆಯುವುದು ಆಗ ಸಣ್ಣ ಸಾಹಸವಲ್ಲ. ರೋಗಿಯನ್ನು ಸೊಲ್ಲಾಪುರಕ್ಕೋ ಮಿರಜಿಗೋ ಹೊತ್ತೊಯ್ಯುತ್ತಿದ್ದ ದಿನಗಳನ್ನು ಕಂಡ ಹಿರಿಯರು ಇದನ್ನು ಒಪ್ಪುವರು.

ಮಗ ಮಲ್ಲನಗೌಡರು ಜನಿಸಿದ್ದು ೧೯೬೪ರ ಅಕ್ಟೋಬರ್ ೭ರಂದು. ಆ ವರ್ಷ ಈ ಜಿಲ್ಲೆಯ ಪಾಲಿಗೆ ವಿಚಿತ್ರವಾದ ವರ್ಷ. ಮೇ ೨೨ರಂದು ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಜೂನ್ ೨೯ರಂದು ಹಳಕಟ್ಟಿಯವರು ತೀರಿಕೊಂಡರು. ಅಕ್ಟೋಬರಿನಲ್ಲಿ ಈ ಮಗು ಹುಟ್ಟಿತು. ಕಾಕತಾಳೀಯವೆಂದು ಬಿಡಬಹುದು, ಬಿಡಲೂಬೇಕು. ಆದರೆ ಪಾಟೀಲರ ಜೀವನವನ್ನು ಆಳಿದ ಎರಡು ವಿಷಯಗಳೂ, ಕೃಷ್ಣೆಯ ನೀರು ಮತ್ತು ಬಸವಣ್ಣನ ಧರ್ಮ, ಅದೇ ವರ್ಷದ ಆ ಎರಡು ಸಂಗತಿಗಳಲ್ಲಿ ಅಡಗಿವೆ.

ಎಂಜಿನಿಯರಿಂಗ್ ಓದಿದ ಅವರು ರಾಜಕಾರಣಕ್ಕೆ ಬಂದದ್ದು ಈ ದೇಶದಲ್ಲಿ ಹಲವರು ಬಂದ ದಾರಿಯಿಂದಲೇ. ತಂದೆಯವರ ನಿಧನದಿಂದ ತೆರವಾದ ತಿಕೋಟಾ ಕ್ಷೇತ್ರಕ್ಕೆ ೧೯೯೧ರಲ್ಲಿ ಉಪಚುನಾವಣೆ ನಡೆದು, ಇಪ್ಪತ್ತಾರು-ಇಪ್ಪತ್ತೇಳರ ಹರೆಯದ ಮಗನನ್ನು ಜನ ಆರಿಸಿದರು. ಗೌಡಕಿ ವಂಶದಲ್ಲಿ ನಡೆದಂತೆ ಶಾಸಕತ್ವವೂ ನಡೆಯಬೇಕೇ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಅದಕ್ಕೆ ಮತದಾರರು ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು. ೧೯೯೪ ಮತ್ತು ೧೯೯೯ರ ವಿಧಾನಸಭಾ ಚುನಾವಣೆಗಳಲ್ಲಿ ತಿಕೋಟಾ ಬೇರೆಯವರ ಕೈಸೇರಿತು. ನಡುವೆ ೧೯೯೮ರಲ್ಲಿ ಪಾಟೀಲರು ಬಿಜಾಪುರದಿಂದ ಲೋಕಸಭೆಗೆ ಆರಿಸಿಬಂದರು. ಆದರೆ ಆ ಹನ್ನೆರಡನೆಯ ಲೋಕಸಭೆ ಬಾಳಲಿಲ್ಲ. ೧೯೯೯ರ ಏಪ್ರಿಲಿನಲ್ಲಿ ಒಂದೇ ಒಂದು ಮತದಿಂದ ವಾಜಪೇಯಿಯವರ ಸರಕಾರ ಬಿದ್ದು, ಮರುಚುನಾವಣೆಯಲ್ಲಿ ಬಿಜಾಪುರದ ಸ್ಥಾನ ಬಸನಗೌಡ ಪಾಟೀಲ ಯತ್ನಾಳರ ಪಾಲಾಯಿತು. ಹೀಗೆ ತಂದೆಯ ಹೆಸರಿನಿಂದ ಬಂದವರು ಸುಮಾರು ಹತ್ತು ವರ್ಷ ಏಳುಬೀಳುಗಳನ್ನು ಕಂಡರು. ೨೦೦೪ರಲ್ಲಿ ತಿಕೋಟಾದಿಂದ ಮರಳಿ ಗೆದ್ದರು. ಕ್ಷೇತ್ರಗಳ ಮರುವಿಂಗಡಣೆಯಲ್ಲಿ ತಿಕೋಟಾ ಕ್ಷೇತ್ರ ಅಳಿದು ಬಬಲೇಶ್ವರ ಕ್ಷೇತ್ರ ಹುಟ್ಟಿತು. ೨೦೦೮, ೨೦೧೩, ೨೦೧೮, ೨೦೨೩ ಈ ನಾಲ್ಕು ಚುನಾವಣೆಗಳಲ್ಲಿಯೂ ಬಬಲೇಶ್ವರದಿಂದ ಅವರೇ ಗೆದ್ದಿದ್ದಾರೆ.

೨೦೧೩ರ ಮೇ ತಿಂಗಳಲ್ಲಿ ಸಿದ್ಧರಾಮಯ್ಯನವರ ಸಚಿವ ಸಂಪುಟದಲ್ಲಿ ಪಾಟೀಲರಿಗೆ ಜಲಸಂಪನ್ಮೂಲ ಖಾತೆ ದೊರೆಯಿತು. ಅವಿಭಕ್ತ ಬಿಜಾಪುರ ಜಿಲ್ಲೆಯು ಬಿ. ಡಿ. ಜತ್ತಿಯವರನ್ನೂ ಎಸ್. ಆರ್. ಕಂಠಿಯವರನ್ನೂ ಮುಖ್ಯಮಂತ್ರಿಗಳಾಗಿ ಕಂಡಿದೆ. ಜತ್ತಿಯವರು ೧೯೭೭ರಲ್ಲಿ ಕೆಲಕಾಲ ರಾಷ್ಟ್ರಪತಿ ಪದವಿಯ ಹೊಣೆಯನ್ನೂ ಹೊತ್ತಿದ್ದರು. ಆದರೂ ಜಿಲ್ಲೆಯ ಎತ್ತರದ ಊರುಗಳಿಗೆ ಕೃಷ್ಣೆ ಏರಿರಲಿಲ್ಲ. ಕಾರಣ ಒಬ್ಬಿಬ್ಬರ ಆಲಸ್ಯವಲ್ಲ. ಕೃಷ್ಣೆಯ ನೀರು ಆಗ ಮೂರು ರಾಜ್ಯಗಳ ವ್ಯಾಜ್ಯವಾಗಿತ್ತು. ೧೯೬೯ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಲಿಯು ತನ್ನ ೧೯೭೩ ಮತ್ತು ೧೯೭೬ರ ತೀರ್ಪುಗಳಲ್ಲಿ ಕರ್ನಾಟಕಕ್ಕೆ ೭೩೪ ಟಿ.ಎಂ.ಸಿ. ನೀರನ್ನು ಕೊಟ್ಟಿತು. ಆಲಮಟ್ಟಿಯ ಎತ್ತರವನ್ನು ೨೦೦೦ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ೫೧೯.೬೦ ಮೀಟರಿಗೆ ನಿಲ್ಲಿಸಿತು. ೨೦೦೪ರಲ್ಲಿ ರಚಿತವಾದ ಬ್ರಿಜೇಶ್ ಕುಮಾರ ನ್ಯಾಯಮಂಡಲಿಯು ೨೦೧೦ರ ಡಿಸೆಂಬರಿನಲ್ಲಿ ೫೨೪.೨೫೬ ಮೀಟರಿಗೆ ಒಪ್ಪಿತು. ಆದರೆ ಆ ತೀರ್ಪಿನ ಪ್ರಕಟಣೆಗೆ ೨೦೧೧ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಂದಿತು. ಕೈಯಲ್ಲಿದ್ದ ನೀರನ್ನಾದರೂ ಮೇಲಕ್ಕೆತ್ತಬೇಕಾದರೆ ಪಂಪು, ಕೊಳವೆ, ವಿದ್ಯುತ್ತು, ಎಲ್ಲಕ್ಕಿಂತ ಹೆಚ್ಚಾಗಿ ಹಣ ಬೇಕಾಗಿತ್ತು.

ಆ ಐದು ವರ್ಷಗಳಲ್ಲಿ ಈ ಕೆಲಸಕ್ಕೆ ವೇಗ ಬಂದಿತೆಂಬುದನ್ನು ಅವರ ಎದುರಾಳಿಗಳೂ ಅಲ್ಲಗಳೆಯಲಾರರು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಹಿಂದಿನಿಂದಲೇ ಕಾಗದದಲ್ಲಿ ಇದ್ದಂಥವು, ಅವು ನೆಲಕ್ಕಿಳಿದವು. ಮುಳವಾಡ ಯೋಜನೆಯ ಕಾಲುವೆಗಾಗಿ ತಿಡಗುಂದಿಯ ಬಳಿ ಹದಿನಾಲ್ಕು ಕಿಲೋಮೀಟರಿಗೂ ಉದ್ದವಾದ ಮೇಲ್ಗಾಲುವೆಯೊಂದನ್ನು ಕಂಬಗಳ ಮೇಲೆ ಕಟ್ಟಿದರು. ಪಾಟೀಲರ ಸ್ವಂತ ಕ್ಷೇತ್ರಕ್ಕೆ ಸಂಬಂಧಿಸಿದ್ದು ತುಬಚಿ-ಬಬಲೇಶ್ವರ ಏತ ನೀರಾವರಿ. ಜಮಖಂಡಿಯ ಕಡೆ ಕೃಷ್ಣೆಯಿಂದ ೬.೩ ಟಿ.ಎಂ.ಸಿ. ನೀರನ್ನೆತ್ತಿ ಐವತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ಭೂಮಿಗೆ ಒದಗಿಸುವುದು ಅದರ ಉದ್ದೇಶ. ಇದರ ಜೊತೆಗೆ ಕೆರೆ ತುಂಬುವ ಯೋಜನೆ. ಹೊಲಕ್ಕೆ ಹೊಲಗಾಲುವೆ ಮುಟ್ಟುವ ಮುನ್ನವೇ ಕೆರೆಗೆ ನೀರು ಬಿಟ್ಟರೆ ಸುತ್ತಲಿನ ಬಾವಿ, ಕೊಳವೆಬಾವಿಗಳ ಸೆಲೆ ಮೇಲೇರುತ್ತದೆ ಎಂಬುದು ಅದರ ಸರಳ ತರ್ಕ. ಮಳೆಗಾಗಿ ಕಟ್ಟಿದ ಮಮದಾಪುರದ ಕೆರೆಗೆ ಹೊಳೆಯ ನೀರು ಬಂದಿತು. ಮಹಮ್ಮದ್ ಆದಿಲಶಾಹನ ಕಾಲದಲ್ಲಿ ಇದನ್ನು ಯಾರೂ ಊಹಿಸಿರಲಾರರು.

ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಬರಗಾಲದ ಬೇಸಿಗೆಯಲ್ಲಿ ಸಾಲ ಮಾಡಿ ಟ್ಯಾಂಕರಿನಿಂದ ನೀರು ಕೊಂಡು ಬಳ್ಳಿಗಳನ್ನು ಬದುಕಿಸಿಕೊಂಡವರು ಅವರು. ದ್ರಾಕ್ಷಿ ಹಾಕಿದ ಪಡ ಒಂದು ವರ್ಷ ಒಣಗಿದರೆ ನಷ್ಟ ಒಂದು ವರ್ಷದ್ದಲ್ಲ. ಬಳ್ಳಿಯೇ ಹೋಗುತ್ತದೆ, ಕಲ್ಲುಕಂಬ-ತಂತಿಗಳಿಗೆ ತಂದ ಬ್ಯಾಂಕಿನ ಸಾಲ ಮಾತ್ರ ನಿಲ್ಲುತ್ತದೆ.

ನಗರದ ಬಾವಡಿಗಳ ಹೂಳೆತ್ತಿಸುವ ಕೆಲಸವೂ ಅದೇ ಅವಧಿಯದು. ತಾಜಬಾವಡಿ ದಶಕಗಳ ಕಾಲ ನಗರದ ಕಸವನ್ನು, ಮುಳುಗಿಸಿದ ಗಣಪತಿಗಳನ್ನು ಹೊತ್ತುಕೊಂಡು ಬಿದ್ದಿತ್ತು. ಕೋಟಿ ವೃಕ್ಷ ಅಭಿಯಾನವೆಂಬ ಹೆಸರಿನಲ್ಲಿ ಗಿಡ ನೆಡುವುದು ನಡೆಯಿತು. ೨೦೨೩ರ ಜನವರಿ ೨ರಂದು ದೇಹವನ್ನು ಬಿಟ್ಟ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳ ಮೇಲೆ ಪಾಟೀಲರಿಗಿದ್ದ ಭಕ್ತಿ ಜಿಲ್ಲೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಬಿ.ಎಲ್.ಡಿ.ಇ.ಯ ಹಳಕಟ್ಟಿ ಸಂಶೋಧನ ಕೇಂದ್ರವು ಆದಿಲಶಾಹಿ ಕಾಲದ ಪಾರಸಿ, ದಖ್ಖನಿ ಸಾಹಿತ್ಯವನ್ನು ಕನ್ನಡಕ್ಕೆ ತರಿಸಿದ್ದನ್ನು ಇಲ್ಲಿಯೇ ಹೇಳಬೇಕು. ವಚನಗಳ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯೊಂದು ಸುಲ್ತಾನರ ಸಾಹಿತ್ಯಕ್ಕೆ ಹಣ ಹಾಕುವುದು ಎಲ್ಲ ಕಡೆಗೂ ಕಾಣುವ ದೃಶ್ಯವಲ್ಲ. ಈ ಜಿಲ್ಲೆಯ ಜೈನ ಶಾಸನಗಳಿಗೂ ಬಿಂಬಗಳಿಗೂ ಅಂಥದೊಂದು ಸಮಗ್ರ ಸಂಪುಟ ಬರಬಾರದೇ ಎಂದು ಆಸೆಯಾಗುತ್ತದೆ. ಅದು ಅವರ ಮನೆಯ ಬಾಗಿಲಿಗೆ ಹೋಗಿ ಕೇಳಬೇಕಾದುದೋ, ನಾವೇ ಮಾಡಿಕೊಳ್ಳಬೇಕಾದುದೋ, ಸಮಾಜದ ಹಿರಿಯರು ಯೋಚಿಸಲಿ.

ಜಲಸಂಪನ್ಮೂಲದ ಖಾತೆಯೆಂದರೆ ಬಿಜಾಪುರವೊಂದೇ ಅಲ್ಲವಷ್ಟೆ. ೨೦೧೬ರ ಜುಲೈನಲ್ಲಿ ಮಹಾದಾಯಿ ನ್ಯಾಯಮಂಡಲಿ ಕರ್ನಾಟಕದ ಮಧ್ಯಂತರ ಕೋರಿಕೆಯನ್ನು ತಳ್ಳಿಹಾಕಿತು. ಹುಬ್ಬಳ್ಳಿ-ನರಗುಂದದ ಕಡೆ ರೈತರು ಬೀದಿಗಿಳಿದರು. ಅದೇ ಸೆಪ್ಟೆಂಬರಿನಲ್ಲಿ ಕಾವೇರಿಯ ಆದೇಶಗಳಿಂದ ಬೆಂಗಳೂರು ಹೊತ್ತಿ ಉರಿಯಿತು. ೨೦೧೮ರ ಫೆಬ್ರವರಿ ೧೬ರ ಅಂತಿಮ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ ೧೪.೭೫ ಟಿ.ಎಂ.ಸಿ. ಹೆಚ್ಚು ದೊರೆತದ್ದು ಆ ಕಷ್ಟಗಳಿಗೆ ಒಂದಿಷ್ಟು ಸಮಾಧಾನ. ಮಹಾದಾಯಿಯ ತೀರ್ಪು ಬರುವ ಹೊತ್ತಿಗೆ ಅವರು ಆ ಖಾತೆಯಲ್ಲಿರಲಿಲ್ಲ.

ಇನ್ನು ಎರಡನೆಯ ಅಧ್ಯಾಯ. ೨೦೧೭ರಲ್ಲಿ ಲಿಂಗಾಯತಕ್ಕೆ ಸ್ವತಂತ್ರ ಧರ್ಮದ ಮಾನ್ಯತೆ ಬೇಕೆಂಬ ಹಳೆಯ ಬೇಡಿಕೆ ಹೊಸ ರಭಸದಿಂದ ಎದ್ದಿತು. ಜುಲೈನಲ್ಲಿ ಬೀದರದಲ್ಲಿ ಕೂಡಿದ ಸಮಾವೇಶದಿಂದ ಆರಂಭವಾಗಿ ಊರೂರಿಗೆ ಹಬ್ಬಿದ ಈ ಚಳವಳಿಯಲ್ಲಿ ರಾಜಕಾರಣಿಗಳ ಪೈಕಿ ಮುಂಚೂಣಿಯಲ್ಲಿ ನಿಂತವರು ಪಾಟೀಲರು. ನಿವೃತ್ತ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನದಾಸ್ ಅವರ ಸಮಿತಿ ೨೦೧೮ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಮಾರ್ಚ್ ೧೯ರಂದು ರಾಜ್ಯ ಸಚಿವ ಸಂಪುಟ ಅದನ್ನು ಒಪ್ಪಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರವು ಅದನ್ನು ಒಪ್ಪಲಿಲ್ಲ.

ಈ ಪ್ರಶ್ನೆಯಲ್ಲಿ ತೀರ್ಪು ಕೊಡುವುದು ನಮ್ಮ ಅಧಿಕಾರವಲ್ಲ. ಲಿಂಗಾಯತ ಸಮಾಜದೊಳಗೇ ಹಿರಿಯ ಮಠಾಧೀಶರು, ವಿದ್ವಾಂಸರು ಎರಡೂ ಕಡೆಗೆ ಇದ್ದರು. ಆದರೆ ಆ ಚರ್ಚೆಯಲ್ಲಿ ಜೈನರ ಉದಾಹರಣೆ ಪದೇ ಪದೇ ಬಂದುದರಿಂದ ನಮ್ಮ ಅನುಭವವನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುವುದು ಒಳ್ಳೆಯದು. ಜೈನಧರ್ಮವನ್ನು ಜನಗಣತಿಯಲ್ಲಿ ಬ್ರಿಟಿಷರ ಕಾಲದಿಂದಲೇ ಬೇರೆಯಾಗಿ ಎಣಿಸುತ್ತ ಬಂದಿದ್ದಾರೆ. ಸಂವಿಧಾನದ ೨೫ನೆಯ ವಿಧಿಯ ವಿವರಣೆಯಲ್ಲಿ ಜೈನರ ಹೆಸರು ಸಿಖ್ಖರು, ಬೌದ್ಧರೊಡನೆ ಪ್ರತ್ಯೇಕವಾಗಿಯೇ ಬರುತ್ತದೆ. ಹೀಗಿದ್ದರೂ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಸುಲಭಕ್ಕೆ ಬರಲಿಲ್ಲ. ೨೦೦೫ರಲ್ಲಿ ಬಾಲ ಪಾಟೀಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಆಜ್ಞೆ ಕೊಡಲು ಒಪ್ಪಲಿಲ್ಲ. ೨೦೧೪ರ ಜನವರಿ ೨೭ರಂದು ಕೇಂದ್ರ ಸರಕಾರದ ಅಧಿಸೂಚನೆ ಹೊರಟು ಜೈನರು ಆರನೆಯ ಅಲ್ಪಸಂಖ್ಯಾತ ಸಮುದಾಯವೆನಿಸಿದರು. ಅಂದರೆ ಧರ್ಮ ಬೇರೆಯೇ ಎಂಬ ಮಾತು ಒಂದು, ಅಲ್ಪಸಂಖ್ಯಾತರೇ ಎಂಬ ಮಾತು ಇನ್ನೊಂದು. ನಮ್ಮ ವಿಷಯದಲ್ಲಿ ಮೊದಲನೆಯದು ನೂರು ವರ್ಷಗಳಿಗೂ ಹಿಂದೆಯೇ ದಾಖಲೆಯಲ್ಲಿ ಇತ್ತು. ೨೦೧೧ರ ಗಣತಿಯಲ್ಲಿ ದೇಶದ ಜೈನರು ೪೪,೫೧,೭೫೩. ಕರ್ನಾಟಕದಲ್ಲಿ ನಾಲ್ಕು ಲಕ್ಷ ನಲವತ್ತು ಸಾವಿರ. ಎರಡನೆಯದಕ್ಕೂ ಸಂಖ್ಯೆಯೇ ಸಾಕ್ಷಿಯಾಗಿತ್ತು. ಲಿಂಗಾಯತರ ವಿಷಯದಲ್ಲಿ ಎರಡನ್ನೂ ಒಂದೇ ಬಾರಿಗೆ, ಅದೂ ಚುನಾವಣೆಗೆ ಎರಡು ತಿಂಗಳಿರುವಾಗ, ಸಾಧಿಸಹೊರಟದ್ದೇ ಚಳವಳಿಗೆ ಮುಳುವಾಯಿತೆಂದು ಈ ಲೇಖಕನಿಗೆ ತೋರುತ್ತದೆ. ತತ್ತ್ವದ ಪ್ರಶ್ನೆಯನ್ನು ಮತದ ಪ್ರಶ್ನೆಯಾಗಿ ಜನ ಕಂಡರು. ೨೦೧೩ರಲ್ಲಿ ೧೨೨ ಸ್ಥಾನ ಪಡೆದಿದ್ದ ಕಾಂಗ್ರೆಸ್ಸು ೨೦೧೮ರಲ್ಲಿ ಎಂಬತ್ತಕ್ಕೆ ಇಳಿಯಿತು. ಸೋಲಿಗೆ ಇದೊಂದೇ ಕಾರಣವೆನ್ನುವುದು ಸರಿಯಲ್ಲ. ಆದರೆ ಕಾರಣಗಳ ಪಟ್ಟಿಯಲ್ಲಿ ಅವರ ಪಕ್ಷದವರೇ ಇದನ್ನು ಸೇರಿಸಿದರು. ಪಾಟೀಲರು ಬಬಲೇಶ್ವರದಲ್ಲಿ ಮಾತ್ರ ಗೆದ್ದರು. ಅಲ್ಲಿ ಮತ ಬಿದ್ದದ್ದು ನೀರಿಗೋ ಧರ್ಮಕ್ಕೋ ಎಂದು ಕೇಳಿದರೆ, ನೀರಿಗೆ ಎನ್ನುವವರೇ ಹೆಚ್ಚು.

ಸಂಸ್ಥೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳದಿರಲಾಗದು. ೨೦೦೮ರಲ್ಲಿ ಬಿ.ಎಲ್.ಡಿ.ಇ.ಗೆ ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಸಂಸ್ಥೆಯ ಅಧ್ಯಕ್ಷತೆ ಪಾಟೀಲರದು. ಊರವರ ವಂತಿಗೆಯಿಂದ ಹುಟ್ಟಿದ ಸಂಸ್ಥೆಗಳು ಎರಡು-ಮೂರು ತಲೆಮಾರುಗಳಲ್ಲಿ ಒಂ ದು ಮನೆಯ ಹೆಸರಿನೊಡನೆ ಬೆಸೆದುಹೋಗುವುದು ಉತ್ತರ ಕರ್ನಾಟಕದಲ್ಲೆಲ್ಲ ಕಂಡುಬರುವ ಸಂಗತಿ. ಅದರಿಂದ ಸಂಸ್ಥೆ ಬೆಳೆದಿದೆ. ಪ್ರಶ್ನಿಸುವವರ ದನಿ ತಗ್ಗಿದೆ. ಎರಡೂ ನಿಜ. ನಮ್ಮ ಸಮಾಜದ ಬೋರ್ಡಿಂಗುಗಳು, ಟ್ರಸ್ಟುಗಳು ಇದರಿಂದ ಹೊರತೆಂದು ಎದೆ ಮುಟ್ಟಿಕೊಂಡು ಹೇಳುವವರು ಯಾರಾದರೂ ಇದ್ದರೆ ಅವರು ಭಾಗ್ಯವಂತರು.

೨೦೧೮ರ ಮೈತ್ರಿ ಸರಕಾರದಲ್ಲಿ ಮೊದಲಿಗೆ ಸಚಿವ ಸ್ಥಾನ ದೊರೆಯದೆ ಪಾಟೀಲರು ಬಹಿರಂಗವಾಗಿಯೇ ಮುನಿದರು. ಡಿಸೆಂಬರಿನಲ್ಲಿ ಗೃಹಖಾತೆ ಬಂದಿತು. ಮರುವರ್ಷ ಜುಲೈನಲ್ಲಿ ಸರಕಾರವೇ ಹೋಯಿತು. ೨೦೨೩ರಲ್ಲಿ ಪಕ್ಷದ ಪ್ರಚಾರ ಸಮಿತಿಯ ಅಧ್ಯಕ್ಷರಾಗಿ ಚುನಾವಣೆ ಎದುರಿಸಿದರು. ಪಕ್ಷಕ್ಕೆ ೧೩೫ ಸ್ಥಾನಗಳು ಬಂದವು. ಜಿಲ್ಲೆಯ ಎಂಟರಲ್ಲಿ ಆರನ್ನು ಅದು ಗೆದ್ದುಕೊಂಡಿತು. ಆ ಮೇ ತಿಂಗಳಲ್ಲಿ ಪಾಟೀಲರು ಬೃಹತ್ ಮತ್ತು ಮಧ್ಯಮ ಕೈಗಾರಿಕೆಗಳ ಖಾತೆಯನ್ನೂ, ಆಮೇಲೆ ವಿಜಯಪುರ ಜಿಲ್ಲೆಯ ಉಸ್ತುವಾರಿಯನ್ನೂ ವಹಿಸಿಕೊಂಡರು. ಹಿಂದೆ ಹೊಲಕ್ಕೆ ನೀರು ಕೊಡುವ ಖಾತೆ, ಈಗ ಹೊಲವನ್ನು ಕಾರಖಾನೆಗೆ ಕೇಳುವ ಖಾತೆ. ದೇವನಹಳ್ಳಿಯ ಬಳಿ ೧,೭೭೭ ಎಕರೆ ಭೂಮಿಯ ಸ್ವಾಧೀನದ ವಿರುದ್ಧ ಮೂರು ವರ್ಷಗಳಿಗೂ ಮಿಕ್ಕಿ ರೈತರು ಧರಣಿ ಕುಳಿತಿದ್ದರು. ಸ್ವಾಧೀನದ ಪ್ರಕ್ರಿಯೆ ಆರಂಭವಾದದ್ದು ಹಿಂದಿನ ಸರಕಾರದಲ್ಲಿ. ಅದನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದ್ದು ೨೦೨೫ರ ಜುಲೈ ೧೫ರಂದು. ಆಲಮಟ್ಟಿಯನ್ನು ೫೨೪.೨೫೬ ಮೀಟರಿಗೆ ಏರಿಸಲು ಮುಳುಗುವ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಗೆ, ಒಣಭೂಮಿಯಾದರೆ ಎಕರೆಗೆ ೩೦ ಲಕ್ಷ, ನೀರಾವರಿಯಾದರೆ ೪೦ ಲಕ್ಷ ರೂಪಾಯಿ ಪರಿಹಾರ ಕೊಡಲು ಅದೇ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಎತ್ತರದ ಊರಿಗೆ ನೀರು ಬರಬೇಕಾದರೆ ತಗ್ಗಿನ ಊರು ಮುಳುಗಬೇಕು. ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಅಂಗಡಿ-ಮನೆಗಳನ್ನು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ ಹೊನವಾಡದ ಸಂಗತಿ. ೨೦೧೮ರಿಂದ ತಿಕೋಟಾ, ಬಬಲೇಶ್ವರಗಳು ಪ್ರತ್ಯೇಕ ತಾಲೂಕುಗಳಾಗಿ, ಹೊನವಾಡವು ತಿಕೋಟಾ ತಾಲೂಕಿಗೆ ಸೇರಿದೆ. ಜಿಲ್ಲೆಗಂತೂ ೨೦೧೪ರ ನವೆಂಬರ್ ೧ರಿಂದ ವಿಜಯಪುರವೆಂಬ ಹೆಸರು ಮರಳಿ ಬಂದಿದೆ. ಅಭಿನವ ಪಂಪನೆನಿಸಿದ ನಾಗಚಂದ್ರನು ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯ ಚರಿತ್ರೆಗಳು ಹೇಳುವ ವಿಜಯಪುರ ಇದೇ. ೨೦೨೪ರ ಅಕ್ಟೋಬರಿನಲ್ಲಿ ಹೊನವಾಡದ ರೈತರು ತಮ್ಮ ಸುಮಾರು ೧,೨೦೦ ಎಕರೆ ಜಮೀನನ್ನು ವಕ್ಫ್ ಆಸ್ತಿಯೆಂದು ದಾಖಲಿಸಲು ಹೊರಟಿದ್ದಾರೆಂದು ದೂರಿಕೊಂಡರು. ಸುದ್ದಿ ರಾಜ್ಯದ ಗಡಿಯನ್ನೂ ದಾಟಿತು, ಎಲ್ಲ ಪಕ್ಷಗಳವರೂ ಊರಿಗೆ ಬಂದರು. ಉಸ್ತುವಾರಿ ಸಚಿವರಾಗಿ ಪಾಟೀಲರು ಕೊಟ್ಟ ವಿವರಣೆ ಹೀಗಿತ್ತು: ವಿಜಯಪುರದ ಮಹಾಲಬಾಗಾಯತದ ಆಸ್ತಿಯ ಮುಂದೆ ಹಳೆಯ ರಾಜ್ಯಪತ್ರದಲ್ಲಿ ಹೊನವಾಡದ ಹೆಸರು ತಪ್ಪಾಗಿ ಅಚ್ಚಾಗಿತ್ತು, ೧೯೭೭ರಲ್ಲಿ ಅದನ್ನು ತಿದ್ದಲಾಗಿತ್ತು, ಊರಿನಲ್ಲಿ ವಕ್ಫಿಗೆ ಸೇರಿದ್ದು ೧೧ ಎಕರೆ ಮಾತ್ರ, ಅದರಲ್ಲಿಯೂ ಬಹುಪಾಲು ಖಬರಸ್ತಾನ. ಮುಂದೆ ನೋಟೀಸುಗಳನ್ನು ಹಿಂತೆಗೆದುಕೊಳ್ಳುವಂತೆ ಮುಖ್ಯಮಂತ್ರಿಗಳು ಆದೇಶಿಸಿದರು. ಜನರ ದಿಗಿಲು ಮಾತ್ರ ಒಂದೇ ದಿನಕ್ಕೆ ಇಳಿಯಲಿಲ್ಲ. ಉತಾರದಲ್ಲಿ ತಂದೆಯ ಹೆಸರಿದ್ದವನು, ತೆರಿಗೆ ಕಟ್ಟಿದ ಪಾವತಿಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟವನು, ಮತ್ತೆ ತಹಶೀಲ್ದಾರರ ಕಚೇರಿಯ ಮೆಟ್ಟಿಲು ಹತ್ತಿ ತನ್ನ ಸರ್ವೆ ನಂಬರನ್ನು ಕೇಳಿ ನೋಡಿ ಬಂದನು.